"ಮತ್ತೆ ಬೀಚಾ?" ಅನ್ನುವ ಮಕ್ಕಳಿಗೆ ನಮ್ಮ ಕರಾವಳಿಯಲ್ಲಿ ಏನು ತೋರಿಸುವುದು?

ಪ್ರಶ್ನೆ: ಮೇಡಂ, ಹದಿನಾಲ್ಕು ವರ್ಷ ಬೆಂಗಳೂರಿನಲ್ಲಿದ್ದು ಕಳೆದ ದೀಪಾವಳಿ ಆದ ಮೇಲೆ ಉಡುಪಿಯ ಕೆಮ್ಮಣ್ಣು ಹತ್ತಿರ ನನ್ನ ಅಮ್ಮನ ಮನೆಗೆ ಬಂದಿದ್ದೇವೆ. ಮನೆಯಿಂದಲೇ ಕೆಲಸ. ಮಕ್ಕಳಿಗೆ ಆರು ಮತ್ತು ಹತ್ತು ವರ್ಷ. ಮೊದಮೊದಲು ವಾರಕ್ಕೆ ನಾಲ್ಕು ಸಂಜೆ ಕಡಲಿಗೆ ಹೋಗುತ್ತಿದ್ದೆವು. ಮಲ್ಪೆ, ಕಾಪು, ಪಡುಬಿದ್ರಿ, ಮರವಂತೆ, ಸೇಂಟ್ ಮೇರೀಸ್ ದ್ವೀಪ ಎಲ್ಲ ಆಯಿತು. ಈಗ ಮಕ್ಕಳು "ಮತ್ತೆ ಬೀಚಾ?" ಅಂತಾರೆ. ಇನ್ನು ಮಳೆಗಾಲ ಬೇರೆ ಬಂತು, ಮನೆಯೊಳಗೆ ಕೂತು ಮೊಬೈಲ್ ನೋಡುವುದೇ ಆಗುತ್ತದೆ ಅಂತ ಹೆದರಿಕೆ. ಯಾವ ತಿಂಗಳು ಎಲ್ಲಿಗೆ ಹೋಗಬೇಕು ಅಂತ ಒಂದು ಪಟ್ಟಿ ಕೊಡ್ತೀರಾ?

ಉತ್ತರ: ನಮಸ್ತೆ. ಪಟ್ಟಿ ಕೊಡುವುದಿಲ್ಲ, ಬೇಜಾರು ಮಾಡಿಕೊಳ್ಳಬೇಡಿ. ಕೊಟ್ಟರೆ ಅದನ್ನೂ ಎರಡು ತಿಂಗಳಲ್ಲಿ ಮುಗಿಸಿಬಿಡುತ್ತೀರಿ, ಆಮೇಲೆ ಮಕ್ಕಳು "ಮತ್ತೆ ಜಲಪಾತವಾ?" ಅಂತಾರೆ. ನಿಮ್ಮ ಪತ್ರ ಎರಡು ಸಲ ಓದಿದೆ. ಹೋದ ಜಾಗ ಐದು, ಆದರೆ ಹೊತ್ತು ಒಂದೇ, ಸಂಜೆ. ಹೋದಿರಿ, ಸೂರ್ಯ ಮುಳುಗಿದ, ಚರುಮುರಿ ತಿಂದಿರಿ, ಬಂದಿರಿ. ಹಾಗೆ ನೋಡಿದರೆ ಮಲ್ಪೆಯೂ ಅದೇ, ಮರವಂತೆಯೂ ಅದೇ. ಮಕ್ಕಳು ಹೇಳಿದ್ದರಲ್ಲಿ ತಪ್ಪೇನಿದೆ?

ನಾನು ಹೇಳುವುದು ಇದಕ್ಕೆ ಉಲ್ಟಾ. ಮನೆಯಿಂದ ಸೈಕಲ್ ತುಳಿಯುವಷ್ಟು ದೂರದಲ್ಲಿ ಮೂರು ಜಾಗ ಹಿಡಿದುಕೊಳ್ಳಿ. ಕಡಲ ಬದಿಯಲ್ಲಿ ಒಂದು ತುಂಡು, ಹೊಳೆ ಬದಿಯಲ್ಲಿ ಒಂದು, ಆಮೇಲೆ ಒಂದು ಗದ್ದೆ ಬೈಲು ಅಥವಾ ಪಾದೆ (ಬೋಳು ಕಲ್ಲಿನ ಬಯಲು). ವರ್ಷವಿಡೀ ಅಲ್ಲಿಗೇ ಹೋಗಿ, ಆದರೆ ಬೇರೆ ಬೇರೆ ಹೊತ್ತಿಗೆ. ಕಾಲೇಜಿನಲ್ಲಿ ಸಸ್ಯಶಾಸ್ತ್ರ ಪಾಠ ಮಾಡುತ್ತಾ ಬಹಳ ವರ್ಷ ಮಕ್ಕಳನ್ನು ಗುಡ್ಡ, ಹೊಳೆ ಅಂತ ತಿರುಗಿಸಿದವಳು ನಾನು. ಹೊಸ ಜಾಗಕ್ಕೆ ಹೋದರೆ ಅವರು ಫೋಟೊ ತೆಗೆಯುತ್ತಾರೆ. ಗೊತ್ತಿರುವ ಜಾಗಕ್ಕೆ ಹೋದಾಗ ಮಾತ್ರ "ಟೀಚರ್, ಇದು ಮೊನ್ನೆ ಇರಲಿಲ್ಲ" ಅಂತ ಕೂಗುತ್ತಾರೆ. ಆ ಕೂಗು ಬಂತು ಅಂದರೆ ನನ್ನ ಕೆಲಸ ಅರ್ಧ ಮುಗಿದ ಹಾಗೆ.

ನೀವಂತೂ ಪುಣ್ಯವಂತರು, ಈ ಮೂರೂ ನಿಮ್ಮ ಬಾಗಿಲಲ್ಲೇ ಇವೆ. ಪಡುವಕ್ಕೆ ಹೋದರೆ ಹೂಡೆ ಕಡಲು. ಕೆಮ್ಮಣ್ಣು ತೂಗುಸೇತುವೆ ಕೆಳಗೆ ಸ್ವರ್ಣಾ ಹೊಳೆ. ಹೂಡೆಯಿಂದ ಬಡಗು ದಿಕ್ಕಿಗೆ ರಸ್ತೆ ಮುಗಿಯುವವರೆಗೆ ಹೋದರೆ ಕೋಡಿ ಬೆಂಗ್ರೆ. ಒಂದು ಬದಿಗೆ ಕಡಲು, ಇನ್ನೊಂದು ಬದಿಗೆ ಹೊಳೆ, ತುದಿಯಲ್ಲಿ ಸ್ವರ್ಣಾ, ಸೀತಾ ಎರಡೂ ಸೇರಿ ಕಡಲಿಗೆ ಬೀಳುವ ಅಳಿವೆ. (ಅಂದ ಹಾಗೆ ಮಕ್ಕಳಿಗೆ ದಿಕ್ಕು ಕಲಿಸಲು ನಮ್ಮ ಊರಿನ ಹೆಸರುಗಳೇ ಸಾಕು. ಪಡುತೋನ್ಸೆ, ಮೂಡುತೋನ್ಸೆ, ಬಡಗಬೆಟ್ಟು, ತೆಂಕನಿಡಿಯೂರು. ನಾಲ್ಕು ದಿಕ್ಕೂ ಬಸ್ಸಿನ ಬೋರ್ಡಿನಲ್ಲೇ ಇದೆ.)

ಮೊದಲು ಭರತ–ಇಳಿತ ನೋಡಲು ಕಲಿಯಿರಿ. ಬೀಚಿಗೆ ಹೋಗುವ ಮುಂಚೆ ಎಲ್ಲರೂ ಮಳೆ ಬರುತ್ತದಾ ಅಂತ ನೋಡುತ್ತಾರೆ, ಇಳಿತ ಎಷ್ಟು ಗಂಟೆಗೆ ಅಂತ ಯಾರೂ ನೋಡುವುದಿಲ್ಲ. ನಮ್ಮಲ್ಲಿ ದಿನಕ್ಕೆ ಎರಡು ಸಲ ನೀರು ಏರುತ್ತದೆ, ಎರಡು ಸಲ ಇಳಿಯುತ್ತದೆ, ದಿನದಿಂದ ದಿನಕ್ಕೆ ಸುಮಾರು 50 ನಿಮಿಷ ತಡ. ಖಂಬಾತ್ ಕೊಲ್ಲಿಯ ಹಾಗೆ ಹತ್ತು ಮೀಟರ್ ಏರುವ ನೀರಲ್ಲ ನಮ್ಮದು, ಹೆಚ್ಚೆಂದರೆ ಒಂದೂವರೆ ಮೀಟರ್ ಆಸುಪಾಸು. ಆದರೆ ಮರಳು ಚಪ್ಪಟೆ ಇದ್ದಲ್ಲಿ ಅಷ್ಟಕ್ಕೇ ಒಂದು ಅಂಗಳದಷ್ಟು ನೆಲ ಹೊರಗೆ ಬೀಳುತ್ತದೆ. ಅಮಾವಾಸ್ಯೆ, ಹುಣ್ಣಿಮೆ ಮತ್ತು ಅದರ ಮರುದಿನ ಇನ್ನೂ ಜಾಸ್ತಿ. ಮೊಬೈಲಿನಲ್ಲಿ ಸಮಯ ಸಿಗುತ್ತದೆ, ಇಲ್ಲದಿದ್ದರೆ ಪಕ್ಕದ ಮನೆಯ ಮೀನು ಹಿಡಿಯುವ ಮೊಗವೀರರನ್ನು ಕೇಳಿ, ಆಕಾಶ ನೋಡಿಯೇ ಹೇಳುತ್ತಾರೆ.

ಇಳಿತದ ಹೊತ್ತಿಗೆ ಅಳಿವೆಯ ಒಳಬದಿಗೆ, ಅಲೆ ಜೋರಿಲ್ಲದ ಕಡೆ ಹೋಗಿ ಸುಮ್ನೆ ಕುಕ್ಕುರುಗಾಲಲ್ಲಿ ಕೂತುಕೊಳ್ಳಿ. ಒದ್ದೆ ಮರಳಿನ ಮೇಲೆ ಸಾಸಿವೆಗಿಂತ ಸ್ವಲ್ಪ ದೊಡ್ಡ ಮರಳುಂಡೆಗಳು ಸಾವಿರಗಟ್ಟಲೆ ಬಿದ್ದಿರುತ್ತವೆ. ರಂಗೋಲಿ ಹಾಕಿದ ಹಾಗೆ, ಒಂದು ತೂತಿನಿಂದ ಸೂರ್ಯನ ಕಿರಣದಂತೆ ಸಾಲು ಸಾಲಾಗಿ. ಬಹಳ ಜನ ಇದನ್ನು ತುಳಿದುಕೊಂಡು ಹೋಗಿ ಸೆಲ್ಫಿ ತೆಗೆಯುತ್ತಾರೆ. ಅದು ಬಟಾಣಿ ಗಾತ್ರದ ಒಂದು ಡೆಂಜಿಯ (ಏಡಿಯ) ಕೆಲಸ. ನಾಲ್ಕೈದು ನಿಮಿಷ ಅಲುಗಾಡದೆ ಕೂತರೆ ಅದು ಮೇಲೆ ಬರುತ್ತದೆ. ಎರಡೂ ಕೊಂಬಿನಲ್ಲಿ (ಇಕ್ಕಳದಂಥ ಮುಂಗಾಲಿನಲ್ಲಿ) ಮರಳು ಬಾಚಿ ಬಾಯಿಗೆ ಹಾಕಿಕೊಳ್ಳುತ್ತದೆ, ಮರಳಿಗೆ ಅಂಟಿದ ಪಾಚಿ ಗೀಚಿ ತಿನ್ನುತ್ತದೆ, ಉಳಿದದ್ದನ್ನು ಉಂಡೆ ಮಾಡಿ ಕಾಲಿನಿಂದ ಹಿಂದಕ್ಕೆ ದೂಡುತ್ತದೆ. ಆಮೇಲೆ ಒಂದು ಹೆಜ್ಜೆ ಪಕ್ಕಕ್ಕೆ. ಒಮ್ಮೆ ತಿಂದು ಬಿಟ್ಟ ಮರಳು ಯಾವುದು ಅಂತ ಗೊತ್ತಾಗಲು ಈ ಉಂಡೆ. ನೀವು ಕೈ ಎತ್ತಿದರೆ ಸಾಕು, ಕಣ್ಣು ಮಿಟುಕಿಸುವಷ್ಟರಲ್ಲಿ ತೂತಿನೊಳಗೆ. ಭರತ ಬರುವ ಹೊತ್ತಿಗೆ ತೂತಿನ ಬಾಯಿ ಮುಚ್ಚಿಕೊಂಡು ಒಳಗೆ ಕೂರುತ್ತದೆ, ನೀರು ಬಂದು ಅಷ್ಟೂ ಉಂಡೆಯನ್ನು ಅಳಿಸಿ ಹಾಕುತ್ತದೆ, ಆರು ಗಂಟೆ ಬಿಟ್ಟು ಮತ್ತೆ ಮೊದಲಿನಿಂದ. ನಿಮ್ಮ ಆರು ವರ್ಷದವರಿಗೆ ಒಂದು ನಿಮಿಷಕ್ಕೆ ಎಷ್ಟು ಉಂಡೆ ಅಂತ ಎಣಿಸಲು ಹೇಳಿ ನೋಡಿ. ಎದ್ದು ಬಾ ಅಂದರೂ ಬರುವುದಿಲ್ಲ.

ಹೊಳೆಯದ್ದು ಬೇರೆಯೇ ಲೋಕ, ನನ್ನನ್ನು ಕೇಳಿದರೆ ಕಡಲಿಗಿಂತ ಚಂದ. ಸೇತುವೆ ಮೇಲೆ ನಿಂತು ಫೋಟೊ ತೆಗೆದು ವಾಪಸ್ ಬರುವವರೇ ಜಾಸ್ತಿ. ನೀವು ಕುದ್ರುವಿನ (ಹೊಳೆ ನಡುವಿನ ದ್ವೀಪದ) ಬದಿಗೆ ಇಳಿದು ಕಾಂಡ್ಲಾ ಗಿಡ ನೋಡಿ. ಉಪ್ಪು ನೀರಲ್ಲೂ ಬದುಕುವ ಗಿಡ ಅದು. ಅದರಲ್ಲಿ ಒಂದು ಜಾತಿಗೆ ಬೀಜ ಮರದಲ್ಲಿ ಇರುವಾಗಲೇ ಮೊಳಕೆ ಬಂದು ನುಗ್ಗೆಕಾಯಿಯ ಹಾಗೆ ಉದ್ದಕ್ಕೆ ನೇತಾಡುತ್ತದೆ, ಬಿದ್ದರೆ ನೇರ ಕೆಸರಿಗೆ ಚುಚ್ಚಿಕೊಳ್ಳುತ್ತದೆ, ಇಲ್ಲವಾದರೆ ತೇಲಿಕೊಂಡು ಇನ್ನೊಂದು ಕುದ್ರು ಸೇರುತ್ತದೆ. ಬೇಸಿಗೆಯಲ್ಲಿ ಕಡಲಿನ ಉಪ್ಪು ನೀರು ಹೊಳೆಯಲ್ಲಿ ಬಹಳ ಮೇಲಿನವರೆಗೆ ಬರುತ್ತದೆ, ಹೊಳೆ ಬದಿಯ ಕೆಲವು ಬಾವಿಗಳೂ ಉಪ್ಪಾಗುವುದು ಅದಕ್ಕೇ. ಕಿಂಡಿ ಅಣೆಕಟ್ಟು ಕಟ್ಟಿದ್ದೂ ಇದನ್ನು ತಡೆಯಲಿಕ್ಕೇ. ಮಳೆ ಶುರುವಾಗಿ ಕೆಲವು ದಿನಕ್ಕೆ ಅದೇ ಹೊಳೆ ಪೂರಾ ಸಿಹಿ, ಬಣ್ಣ ಚಹಾದ್ದು. ಒಂದು ಎಚ್ಚರಿಕೆ ಮಾತ್ರ, ಕೆಸರಿಗೆ ಇಳಿಯಬೇಡಿ. ನಾನು ಒಮ್ಮೆ ದೊಡ್ಡ ಪಂಡಿತಳ ಹಾಗೆ ಬೇರಿನ ಫೋಟೊ ತೆಗೆಯಲು ಹೋಗಿ ಮೊಣಕಾಲಿನವರೆಗೆ ಹೂತುಹೋದೆ, ಭರತ ಬೇರೆ ಏರುತ್ತಿತ್ತು. ಮರುವಾಯಿ (ಚಿಪ್ಪುಮೀನು) ಹೆಕ್ಕುತ್ತಿದ್ದ ಒಬ್ಬರು ಅಕ್ಕ ಬಂದು ದೋಣಿಯ ಜಲ್ಲೆ ಕೊಟ್ಟು ಎಳೆದರು. ನಾನು ಬಂದೆ, ಚಪ್ಪಲಿ ಬರಲಿಲ್ಲ. "ಇಲ್ಲಿ ನಿಲ್ಲಬಾರದು ಟೀಚರೇ, ನಡೀತಾ ಇರಬೇಕು" ಅಂದರು ಅವರು. ಪುಸ್ತಕದಲ್ಲಿ ಇದು ಇರಲಿಲ್ಲ.

ಇನ್ನು ಮಳೆಗಾಲಕ್ಕೆ ಬರೋಣ, ನೀವು ಹೆದರಿದ್ದು ಅದಕ್ಕೇ ಅಲ್ವಾ. ವರ್ಷಕ್ಕೆ ಸುಮಾರು 4000 ಮಿಲಿಮೀಟರ್ ಮಳೆ ಬೀಳುವ ಊರಲ್ಲಿದ್ದು ಮಳೆ ನಿಂತ ಮೇಲೆ ಹೊರಗೆ ಹೋಗೋಣ ಅಂದರೆ ಆಗುವುದಿಲ್ಲ ಮಾರಾಯ್ರೇ. ಮೊಣಕಾಲಿನವರೆಗಿನ ಗಮ್ ಬೂಟು, ಒಳ್ಳೆ ರೈನ್‌ಕೋಟು ಮಕ್ಕಳಿಗೆ ಈಗಲೇ ತೆಗೆದಿಡಿ. ಕಾಲಲ್ಲಿ ಗಾಯ ಇದ್ದರೆ ಗದ್ದೆ ನೀರಿಗೆ ಇಳಿಸಬೇಡಿ, ಇಲಿಜ್ವರ ನಮ್ಮ ಕಡೆ ಉಂಟು. ಹುಲ್ಲಿನ ಬದುವಿನಲ್ಲಿ ಕಾಲಿಡುವ ಮುಂಚೆ ಕೋಲು ತಟ್ಟಿ.

ಈಗ ಬೇಶ ತಿಂಗಳು ಶುರುವಾಗಿದೆ. ತುಳು ತಿಂಗಳು ಕ್ಯಾಲೆಂಡರಿನಲ್ಲಿ ಬರೆದಿಟ್ಟುಕೊಳ್ಳಿ, ಇಲ್ಲಿಯ ಗಿಡಮರಕ್ಕೆ ಮೇ, ಜೂನ್ ಅಂತ ಗೊತ್ತಿಲ್ಲ. ಬೇಶದ ಹತ್ತನೇ ದಿನ, ಅಂದರೆ ಮೇ 24ರ ಆಸುಪಾಸು, ಪತ್ತನಾಜೆ. ಅಲ್ಲಿಗೆ ಯಕ್ಷಗಾನ ಮೇಳಗಳು ಗೆಜ್ಜೆ ಬಿಚ್ಚುತ್ತವೆ, ದೈವಗಳ ಕೋಲ, ನೇಮ ನಿಲ್ಲುತ್ತವೆ, ಊರು ಮಳೆಗೆ ತಯಾರಾಗುತ್ತದೆ. ಪುನರ್ಪುಳಿ (ಕೋಕಂ) ಕೆಂಪಾಗಿ ಉದುರುವುದೂ, ಅಂಗಳದಲ್ಲಿ ಅದರ ಸಿಪ್ಪೆ ಒಣಗುವುದೂ, ಕಾಟು ಮಾವಿನ ಕೊನೆಯ ಹಣ್ಣು ಬೀಳುವುದೂ ಈ ದಿನಗಳಲ್ಲೇ. ಸಂಜೆ ಘಟ್ಟದ ಕಡೆಯಿಂದ ಗುಡುಗು ಬಂದರೆ ಬಯಲಲ್ಲಿ, ಪಾದೆ ಮೇಲೆ ನಿಲ್ಲಬೇಡಿ. ಆದರೆ ಆ ಗುಡುಗಿನ ಮರುದಿನ ಬೆಳಿಗ್ಗೆ ಗುಡ್ಡೆಯಲ್ಲಿ ಜನ ಬಗ್ಗಿ ಬಗ್ಗಿ ಏನೋ ಹುಡುಕುತ್ತಿದ್ದರೆ ಅದು ಕಲ್ಲಣಬೆ, ತುಳುವಿನಲ್ಲಿ ಕಲ್ಲಲಾಂಬು. ಮಣ್ಣಿನಡಿ ಗೋಲಿಯ ಹಾಗೆ ಇರುತ್ತದೆ. ಪೇಟೆಯಲ್ಲಿ ಬೆಲೆ ಕೇಳಿದರೆ ತಲೆ ತಿರುಗುತ್ತದೆ. ಗೊತ್ತಿದ್ದವರ ಜೊತೆ ಹೋಗಿ, ನೀವೇ ಹೆಕ್ಕಿ ಸಾರು ಮಾಡುವ ಸಾಹಸ ಬೇಡ.

ಮೊದಲ ದೊಡ್ಡ ಮಳೆಯ ರಾತ್ರಿ ಮಾತ್ರ ತಪ್ಪಿಸಬೇಡಿ. ಆ ಒಂದು ದಿನಕ್ಕೆ ನಾನು ವರ್ಷವಿಡೀ ಕಾಯುತ್ತೇನೆ. ಗದ್ದೆಯಲ್ಲಿ ನೀರು ನಿಂತ ಕೂಡಲೇ ಗೋಂಕುರು ಕಪ್ಪೆಗಳು ಸೇರುತ್ತವೆ. ವರ್ಷವಿಡೀ ಮಣ್ಣಿನ ಬಣ್ಣದಲ್ಲಿದ್ದ ಗಂಡು ಕಪ್ಪೆ ಆ ಹೊತ್ತಿಗೆ ಲಿಂಬೆ ಹಣ್ಣಿನ ಹಳದಿಗೆ ತಿರುಗಿರುತ್ತದೆ, ಗಂಟಲಿನ ಎರಡೂ ಬದಿಗೆ ನೀಲಿ ಚೀಲ. ಕೂಗುವಾಗ ಆ ಚೀಲ ಉಬ್ಬುತ್ತದೆ. ಒಂದರ ಮೇಲೊಂದು ಹಾರಿ ಜಗಳ. ಮಕ್ಕಳಿಗೆ ಯಾರೋ ಪೇಂಟ್ ಬಳಿದಿದ್ದಾರೆ ಅನ್ನಿಸುತ್ತದೆ. ನಾಲ್ಕಾರು ದಿನ ಅಷ್ಟೆ, ಮೊಟ್ಟೆ ಇಟ್ಟು ಆದ ಮೇಲೆ ಮತ್ತೆ ಮಣ್ಣಿನ ಬಣ್ಣ. ಅದೇ ನೀರಿನಲ್ಲಿ ತೋಡಿನಿಂದ ಗದ್ದೆಗೆ ಮೀನು ಹತ್ತುತ್ತದೆ, ಊರ ಹುಡುಗರು ಟಾರ್ಚ್ ಹಿಡಿದು ಹೊರಟಿರುತ್ತಾರೆ. ಟಾರ್ಚ್ ಹಾಕಿ ದೂರದಿಂದ ನೋಡಿ, ಬೆಳಕನ್ನು ಕಪ್ಪೆಯ ಕಣ್ಣಿಗೆ ಬಿಡಬೇಡಿ.

ಕಡಲಿಗೆ ಮಳೆಗಾಲದಲ್ಲಿ ಹೋಗಬಹುದಾ? ನೋಡಲು ಹೋಗಿ, ಇಳಿಯಲು ಬೇಡವೇ ಬೇಡ. ಮಲ್ಪೆಯಲ್ಲಿ ಆ ತಿಂಗಳುಗಳಲ್ಲಿ ಬಲೆ ಕಟ್ಟಿ ನೀರಿಗೆ ಇಳಿಯದಂತೆ ತಡೆಯುತ್ತಾರೆ, ಆದರೆ ನಿಮ್ಮ ಊರಿನ ಕಡಲಿಗೆ ಯಾರೂ ಬಲೆ ಕಟ್ಟುವುದಿಲ್ಲ. ಅಳಿವೆ ಬಾಗಿಲಂತೂ ಬಹಳ ಅಪಾಯ, ಮರಳಿನ ದಂಡೆ ಕಾಲಡಿಯಲ್ಲೇ ಕುಸಿಯುತ್ತದೆ. ರಸ್ತೆ ಬದಿಯ ತೆಂಗಿನ ಮರದ ಹತ್ತಿರ ನಿಂತು ನೋಡಿದರೂ ಸಾಕು. ನೀರು ಕಂದು, ಅಲೆ ಸಾಲು ಸಾಲು, ಶಬ್ದ ರಾತ್ರಿ ನಿಮ್ಮ ಮನೆಯವರೆಗೂ ಬರುತ್ತದೆ. ಈಗಲೇ ಒಂದು ಕೆಲಸ ಮಾಡಿ. ಒಂದು ತೆಂಗಿನ ಮರದಿಂದ ಭರತದ ಗೆರೆಯವರೆಗೆ ಎಷ್ಟು ಹೆಜ್ಜೆ ಅಂತ ದೊಡ್ಡ ಮಗುವಿನ ಕೈಯಲ್ಲಿ ಅಳೆಸಿ ಬರೆದಿಡಿ. ಆಟಿ ತಿಂಗಳಲ್ಲಿ (ಜುಲೈ ಮಧ್ಯದಿಂದ ಆಗಸ್ಟ್ ಮಧ್ಯ) ದೂರದಿಂದ ನೋಡಿದರೆ ಅರ್ಧ ಮರಳು ಇರುವುದಿಲ್ಲ. ಅಲೆ ಅದನ್ನು ಎಳೆದುಕೊಂಡು ಹೋಗಿ ಸ್ವಲ್ಪ ಒಳಗೆ ನೀರಿನಡಿ ದಿಬ್ಬ ಮಾಡಿರುತ್ತದೆ. ದೀಪಾವಳಿ ಕಳೆದು ಕಡಲು ಶಾಂತವಾದ ಮೇಲೆ ಅದೇ ಮರಳನ್ನು ನಿಧಾನಕ್ಕೆ ತಂದು ಹಾಕುತ್ತದೆ. ಆಗ ಮತ್ತೆ ಅಳೆಯಿರಿ. ಕಲ್ಲು ಹಾಕಿದ ಕಡೆಗಳಲ್ಲಿ ಈ ಲೆಕ್ಕ ತಪ್ಪುತ್ತದೆ, ಅದನ್ನೂ ನೋಡಿ.

ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಬೋಟಿಗೆ ರಜೆ, 61 ದಿನ. ಆಗ ಇರುವುದು ನಾಡದೋಣಿ ಮಾತ್ರ. ಅವರು ತೂಫಾನ್ ಆಗಲಿ ಅಂತ ಕಾಯುತ್ತಾರೆ, ಕೇಳಿದರೆ ವಿಚಿತ್ರ ಅನ್ನಿಸುತ್ತದೆ ಅಲ್ವಾ? ಕಡಲು ಒಮ್ಮೆ ಚೆನ್ನಾಗಿ ಕಲಕಿ, ಆಮೇಲೆ ತಣ್ಣಗಾದರೆ ಸಿಗಡಿ ದಡದ ಹತ್ತಿರಕ್ಕೆ ಬರುತ್ತದೆ. ಅಂತಹ ಬೆಳಿಗ್ಗೆ ದೋಣಿ ಅಲೆ ದಾಟಿ ಹೋಗುವುದನ್ನು ಮಕ್ಕಳಿಗೆ ತೋರಿಸಿ. ಯಾವ ಅಲೆಗೆ ನಿಲ್ಲುತ್ತಾರೆ, ಯಾವುದಕ್ಕೆ ನುಗ್ಗುತ್ತಾರೆ ಅಂತ ನೋಡುತ್ತಾ ನಿಂತರೆ ಚಹಾ ತಣ್ಣಗಾದದ್ದೂ ಗೊತ್ತಾಗುವುದಿಲ್ಲ.

ಆಟಿಯನ್ನು ಅಡುಗೆಮನೆಯಿಂದ ನೋಡಬೇಕು. ಅಮ್ಮ ಇದ್ದಾರಲ್ಲ, ಅವರನ್ನು ಕರೆದುಕೊಂಡು ತೋಟದ ಸುತ್ತು ಹಾಕಿ. ತಜಂಕು (ಚಗಟೆ ಸೊಪ್ಪು), ಮರಕೆಸು, ಕಣಿಲೆ (ಕಳಲೆ), ಯಾವುದು ಎಲ್ಲಿ ಬೆಳೆಯುತ್ತದೆ ಅಂತ ಅವರಿಗೆ ನನಗಿಂತ ಚೆನ್ನಾಗಿ ಗೊತ್ತು. ಆಟಿ ಅಮಾವಾಸ್ಯೆಗೆ ಪಾಲೆ ಮರದ ಕೆತ್ತೆ (ತೊಗಟೆ) ಕಷಾಯ ಕುಡಿಯುವ ಮನೆಯಾದರೆ ಒಂದು ಮಾತು. ಕತ್ತಲಲ್ಲಿ ಹೋಗಿ ಕೆತ್ತೆ ತರುವ ಪದ್ಧತಿ ಸರಿ, ಆದರೆ ಮರ ಯಾವುದು ಅಂತ ಹಿಂದಿನ ದಿನ ಹಗಲಲ್ಲೇ ನೋಡಿ ಗುರುತು ಮಾಡಿ. ಕತ್ತಲಲ್ಲಿ ತಪ್ಪಿ ಕಾಸರಕ ಮರದ ತೊಗಟೆ ತಂದರೆ ಅದು ಪೂರಾ ವಿಷ. ಪಾಲೆಗೆ ಒಂದೇ ಗಂಟಿನಿಂದ ಏಳೆಂಟು ಎಲೆ ಸುತ್ತಲೂ ಕೊಡೆಯ ಹಾಗೆ, ಗೀರಿದರೆ ಬಿಳಿ ಹಾಲು. ಹಾಲು ಬರದಿದ್ದರೆ ಬಿಟ್ಟು ಬನ್ನಿ.

ಸೋಣ ತಿಂಗಳಿಗೆ, ಅಂದರೆ ಆಗಸ್ಟ್ ಮಧ್ಯದಿಂದ, ಪಾದೆಗೆ ಹೋಗಿ. ಕಡಲಿಂದ ಸ್ವಲ್ಪ ಮೂಡಕ್ಕೆ, ಮಣಿಪಾಲದ ಸುತ್ತಮುತ್ತ ಮುರಕಲ್ಲಿನ ಬೋಳು ಬಯಲುಗಳು ಇನ್ನೂ ಕೆಲವು ಉಳಿದಿವೆ. ಬೇಸಿಗೆಯಲ್ಲಿ ಕಾಲಿಟ್ಟರೆ ಸುಡುವ ಕರಿ ಕಲ್ಲು, ನೋಡಿದವರು "ಇಲ್ಲಿ ಏನೂ ಇಲ್ಲ, ಲೇಔಟ್ ಮಾಡಬಹುದು" ಅಂತಾರೆ. ಸೋಣದಲ್ಲಿ ಅದೇ ಕಲ್ಲಿನ ಗುಳಿಯಲ್ಲಿ ಬೆರಳುದ್ದದ ನೀಲಿ ಹೂವು ಹಾಸಿಕೊಂಡಿರುತ್ತದೆ, ನಡುವೆ ಬಿಳಿ ಗುಂಡಿಯಂಥ ಹೂವು. ನೀಲಿಯದ್ದು ಕೀಟ ತಿನ್ನುವ ಗಿಡ ಅಂದರೆ ನಂಬುವುದಿಲ್ಲ ಮಕ್ಕಳು. ಬೇರಿನ ಜಾಗದಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣ ಚೀಲಗಳು, ನೀರಿನ ಹುಳ ತಾಗಿದರೆ ಬಾಗಿಲು ತೆರೆದು ಒಳಗೆ ಎಳೆದುಕೊಳ್ಳುತ್ತದೆ. ಕಲ್ಲಿನಲ್ಲಿ ಗೊಬ್ಬರ ಇಲ್ಲವಲ್ಲ, ಅದಕ್ಕೆ ಈ ಉಪಾಯ. ಪಕ್ಕದಲ್ಲೇ ನಾಣ್ಯದಷ್ಟಗಲದ ಕೆಂಪು ಗಿಡ ಕಂಡರೆ ಮಂಡಿಯೂರಿ ಭೂತಗನ್ನಡಿ ಹಿಡಿಯಿರಿ. ಎಲೆಯ ತುಂಬ ಕೂದಲು, ಪ್ರತಿ ಕೂದಲಿನ ತುದಿಗೆ ಜೇನಿನಂಥ ಒಂದು ಹನಿ, ಒಂದೆರಡು ಹನಿಯಲ್ಲಿ ಇರುವೆಯೋ ನುಸಿಯೋ ಅಂಟಿರುತ್ತದೆ. ಬೆಳಿಗ್ಗೆ ಹತ್ತರೊಳಗೆ ಹೋದರೆ ಹನಿ ಹೊಳೆಯುತ್ತದೆ. ಕೀಳಬೇಡಿ, ಮನೆ ಕುಂಡದಲ್ಲಿ ಅದು ಬದುಕುವುದಿಲ್ಲ.

ಆಮೇಲೆ ಏಣೆಲು (ಮಳೆಗಾಲದ ಬೆಳೆಯ) ಗದ್ದೆ ಹಳದಿಯಾಗುತ್ತದೆ, ತೆನೆ ಕಟ್ಟುವ ಹಬ್ಬ, ಕ್ರೈಸ್ತರ ಮೊಂತಿ ಹಬ್ಬ. ಇದನ್ನು ನೀವು ಊರವರ ಜೊತೆ ಹೇಗೂ ನೋಡುತ್ತೀರಿ, ನಾನು ಹೇಳುವುದು ಬೇಡ.

ದೀಪಾವಳಿ ನಂತರದ ನಾಲ್ಕು ತಿಂಗಳಲ್ಲಿ ಕಡಲು ಮತ್ತೆ ನಿಮ್ಮದು, ಆದರೆ ಈ ಸಲ ಬೆಳಿಗ್ಗೆ ಹೋಗಿ. ಚಳಿ ದಿನಗಳಲ್ಲಿ ಮುಂಜಾನೆ ಗಾಳಿ ಘಟ್ಟದ ಕಡೆಯಿಂದ ಕಡಲಿಗೆ ಬೀಸುತ್ತದೆ, ನೀರು ತಟ್ಟೆಯ ಹಾಗೆ ನಿಂತಿರುತ್ತದೆ. ಹನ್ನೊಂದು ಗಂಟೆ ದಾಟಿದರೆ ಪಡುಗಾಳಿ ಶುರು. ಅಳಿವೆಯ ಮರಳ ದಿಬ್ಬದಲ್ಲಿ ಕಡಲಕ್ಕಿಗಳು ಕೂತಿರುತ್ತವೆ. ಅದರಲ್ಲಿ ಒಂದು ಜಾತಿ ಲಡಾಖ್, ಟಿಬೆಟಿನ ಸರೋವರಗಳಲ್ಲಿ ಮರಿ ಮಾಡಿ ಬರುವಂಥದ್ದು. ಬರುವಾಗ ತಲೆ ಬಿಳಿ, ಕಿವಿ ಹಿಂದೆ ಮಾತ್ರ ಒಂದು ಕಪ್ಪು ಚುಕ್ಕೆ. ಮಾರ್ಚ್ ಹತ್ತಿರ ಬರುತ್ತಿದ್ದ ಹಾಗೆ ಒಂದೊಂದರದ್ದೇ ತಲೆ ಕಂದಾಗುತ್ತದೆ, ತಲೆ ಪೂರಾ ಕಂದಾಯಿತು ಅಂದರೆ ಹೊರಡುವ ದಿನ ಬಂತು ಅಂತ ಲೆಕ್ಕ. ಹತ್ತು ವರ್ಷದವರಿಗೆ ಒಂದು ಬೈನಾಕ್ಯುಲರ್ ಕೊಡಿಸಿ, ಇದಕ್ಕೊಂದು ಪುಸ್ತಕ ಇಡಲಿ.

ರಾತ್ರಿ ಅಲೆ ನೀಲಿಯಾಗಿ ಹೊಳೆಯುವುದನ್ನು ಕೇಳಿರಬಹುದು. 2020ರ ನವೆಂಬರಿನಲ್ಲಿ ಮಂಗಳೂರು, ಉಡುಪಿ ತೀರದಲ್ಲಿ ಕಂಡು ಜನ ಗುಂಪು ಗುಂಪಾಗಿ ಹೋಗಿದ್ದರು. ನೊಕ್ಟಿಲುಕಾ ಅನ್ನುವ ಒಂದೇ ಕೋಶದ ಜೀವಿ ಅದು, ನೀರು ಕಲಕಿದರೆ ಬೆಳಕು ಕೊಡುತ್ತದೆ. ಇಂಥ ದಿನವೇ ಅಂತ ಹೇಳಲು ಬರುವುದಿಲ್ಲ. ಅಮಾವಾಸ್ಯೆ ಹತ್ತಿರದ ಕತ್ತಲಿರಲಿ, ಹೈಮಾಸ್ಟ್ ದೀಪದಿಂದ ದೂರ ನಿಂತು ಹತ್ತು ನಿಮಿಷ ಮೊಬೈಲ್ ಮುಟ್ಟದೆ ಕಣ್ಣು ಹೊಂದಿಸಿಕೊಳ್ಳಿ. ಚಳಿಗಾಲದಲ್ಲಿ ಬೆಳಿಗ್ಗೆ ಮರಳಿನ ಮೇಲೆ ಟ್ರ್ಯಾಕ್ಟರ್ ಚಕ್ರದಂಥ ಗುರುತು ನೀರಿನಿಂದ ಮೇಲೆ ಬಂದು ವಾಪಸ್ ಹೋಗಿದ್ದರೆ ಅದು ಕಡಲಾಮೆ ಮೊಟ್ಟೆ ಇಟ್ಟ ಗುರುತು. ಅಗೆಯಬೇಡಿ, ಗ್ರೂಪಿಗೆ ಹಾಕಬೇಡಿ, ಅರಣ್ಯ ಇಲಾಖೆಗೆ ಫೋನ್ ಮಾಡಿ. ಒಂದೂವರೆ ಎರಡು ತಿಂಗಳಿಗೆ ಮರಿ.

ಸಂಜೆ ಸಂಜೆ ಕಡಲಿಗೆ ಹೋಗಿ ಮಕ್ಕಳಿಗೆ ಬೇಜಾರಾಗಿದೆ ಅಂದಿರಿ. ಒಂದೇ ಕಡೆ ನಿಂತು, ಸೂರ್ಯ ಎಲ್ಲಿ ಮುಳುಗುತ್ತಾನೆ ಅಂತ ಕೈ ಚಾಚಿ ಮುಷ್ಟಿ ಹಿಡಿದು ಅಳೆಯಿರಿ, ಒಂದು ಮುಷ್ಟಿ ಅಂದರೆ ಸುಮಾರು 10 ಡಿಗ್ರಿ. ಡಿಸೆಂಬರಿನಲ್ಲಿ ಮುಳುಗುವ ಜಾಗಕ್ಕೂ ಜೂನಿನಲ್ಲಿ ಮುಳುಗುವ ಜಾಗಕ್ಕೂ ನಮ್ಮಲ್ಲಿ ಹತ್ತಿರ ಹತ್ತಿರ ಐದು ಮುಷ್ಟಿ ಅಂತರ. ನಿಮ್ಮ ಎದುರಿಗೆ ಕಡಲಲ್ಲಿ ದ್ವೀಪ ಕಾಣುತ್ತದಲ್ಲ, ಅದೇ ಗುರುತು. ನೀವು ದುಡ್ಡು ಕೊಟ್ಟು ಬೋಟಿನಲ್ಲಿ ಹೋಗಿ ಬಂದ ಸೇಂಟ್ ಮೇರೀಸ್ ಅದೇ, ಹಳಬರ ಬಾಯಲ್ಲಿ ತೋನ್ಸೆಪಾರ್, ಅಂದರೆ ನಿಮ್ಮ ಊರಿನದ್ದೇ ಹೆಸರು. ಅಲ್ಲಿಯ ಕಂಬದಂಥ ಕಲ್ಲುಗಳು ಸುಮಾರು 8.8 ಕೋಟಿ ವರ್ಷದ ಹಿಂದೆ, ಮಡಗಾಸ್ಕರ್ ನಮ್ಮಿಂದ ಬೇರೆಯಾಗುವ ಕಾಲದಲ್ಲಿ ಹರಿದ ಲಾವಾ ತಣ್ಣಗಾಗಿ ಬಿರುಕು ಬಿಟ್ಟು ಆದದ್ದು. ಮಕ್ಕಳಿಗೆ ಅದನ್ನು ಹೇಳಿದ್ರಾ, ಇಲ್ಲ ಐಸ್‌ಕ್ರೀಮ್ ಕೊಡಿಸಿ ವಾಪಸ್ ಕರೆದುಕೊಂಡು ಬಂದ್ರಾ?

ಈ ವಾರಕ್ಕೆ ಮೂರು ಕೆಲಸ ಸಾಕು. ಗಮ್ ಬೂಟು ತನ್ನಿ, ತೆಂಗಿನ ಮರದಿಂದ ಹೆಜ್ಜೆ ಅಳೆಯಿರಿ, ಗದ್ದೆ ಹತ್ತಿರದ ಮನೆಯ ಯಾರಿಗಾದರೂ "ಕಪ್ಪೆ ಕೂಗಿದ ಕೂಡಲೇ ಒಂದು ಫೋನ್ ಮಾಡಿ, ಎಷ್ಟು ರಾತ್ರಿಯಾದರೂ ಪರವಾಗಿಲ್ಲ" ಅಂತ ನಂಬರ್ ಕೊಟ್ಟಿಡಿ.